ಹವಳ ಸೊರಗುತ್ತಿದೆಯೇ? ಮೊದಲು ಅದರ ಹೆಸರು ಸರಿಯಿದೆಯೇ ನೋಡಿ

ಮನೆಯ ಉಪ್ಪುನೀರಿನ ಟ್ಯಾಂಕಿನಲ್ಲಿ ಒಂದು ಹವಳ ಮುದುಡಿ ಕೂತರೆ ಬಹಳ ಜನ ಮೊದಲು ಕೈಗೆತ್ತಿಕೊಳ್ಳುವುದು ನೀರು ಪರೀಕ್ಷಿಸುವ ಟೆಸ್ಟ್ ಕಿಟ್. ಅಂಕಿಗಳೆಲ್ಲ ಸರಿಯಾಗಿ ಬಂದರೆ ಬೆಳಕು ಏರಿಸುತ್ತಾರೆ, ನಾಲ್ಕು ದಿನ ಬಿಟ್ಟು ಇಳಿಸುತ್ತಾರೆ, ಕೊನೆಗೆ ಯಾವುದೋ ಬಾಟಲಿ ತಂದು ಸುರಿಯುತ್ತಾರೆ. ಅಕ್ಕಪಕ್ಕದ ಹವಳಗಳೆಲ್ಲ ಚೆನ್ನಾಗಿದ್ದು ಒಂದೇ ಒಂದು ಸೊರಗುತ್ತಿದ್ದರೆ ಅನುಮಾನ ಪಡಬೇಕಾದ್ದು ನೀರಿನ ಮೇಲಲ್ಲ, ಅದಕ್ಕೆ ಅಂಗಡಿಯಲ್ಲಿ ಹೇಳಿದ ಹೆಸರಿನ ಮೇಲೆ. ಮರಳಿನಲ್ಲಿ ಕೂರಬೇಕಾದ ಹವಳ ಕಲ್ಲಿನ ಮೇಲೆ ಕೂತಿರುತ್ತದೆ. ಬಾಯಿಗೆ ಉಣ್ಣಿಸಬೇಕಾದದ್ದಕ್ಕೆ ಬರೀ ಬೆಳಕು ಸಿಗುತ್ತಿರುತ್ತದೆ. ಒಂದು ಗೇಣು ದೂರ ಇಡಬೇಕಾದದ್ದು ಪಕ್ಕದವರ ಮೈಗೆ ಅಂಟಿಕೊಂಡಿರುತ್ತದೆ.

ಬಣ್ಣ ನೋಡಿ ಕಲ್ಲುಹವಳ (ಸುಣ್ಣದ ಗಟ್ಟಿ ಗೂಡು ಕಟ್ಟುವ ಹವಳ) ಗುರುತಿಸುವುದೆಂದರೆ ಕಾಫಿ ಹಣ್ಣಿನ ಕೆಂಪು ನೋಡಿ ಅರೇಬಿಕಾನೋ ರೋಬಸ್ಟಾನೋ ಹೇಳಹೊರಟ ಹಾಗೆ. ಹವಳದ ಬಣ್ಣ ಅದರ ಮೈಯಲ್ಲಿರುವ ಹೊಳೆಯುವ ಪ್ರೋಟೀನುಗಳಿಂದ ಮತ್ತು ಒಳಗೆ ವಾಸಿಸುವ ಕಂದು ಪಾಚಿಕಣಗಳಿಂದ ಬರುತ್ತದೆ. ಬೆಳಕು ಬದಲಾದರೆ ಕೆಲವೇ ವಾರಗಳಲ್ಲಿ ಅದೂ ಬದಲಾಗುತ್ತದೆ. ಬದಲಾಗದೆ ಉಳಿಯುವುದು ಮೂರು: ಸುಣ್ಣದ ಗೂಡಿನ ರಚನೆ, ಬಾಯಿಯ ಸುತ್ತ ಬೆರಳುಗಳಂತೆ ಚಾಚುವ ಟೆಂಟಕಲ್‌ಗಳ ಸಂಖ್ಯೆ ಮತ್ತು ತುದಿ, ಹವಳ ಬುಡದಲ್ಲಿ ಅಂಟಿಕೊಳ್ಳುವ ಬಗೆ. ಈ ಕೈಪಿಡಿ ನಿಂತಿರುವುದು ಈ ಮೂರರ ಮೇಲೆ.

ಮೊದಲು ಕಾಗದಪತ್ರ

ಇದನ್ನು ಕೊನೆಯ ಸಾಲಿಗೆ ತಳ್ಳುವಂತಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಒಂದನೇ ಅನುಸೂಚಿಯಲ್ಲಿ 2001ರಿಂದ ಕಲ್ಲುಹವಳಗಳ ಇಡೀ ಗುಂಪೇ ಇದೆ. ಜೊತೆಗೆ ಬೆಂಕಿಹವಳ, ಕಪ್ಪುಹವಳ, ಆರ್ಗನ್ ಪೈಪ್ ಹವಳ, ಸಮುದ್ರದ ಬೀಸಣಿಗೆಗಳೂ ಇವೆ. ನಮ್ಮ ಸಮುದ್ರದಿಂದ ಕಿತ್ತದ್ದು ಜೀವಂತವಿರಲಿ, ಒಣಗಿದ್ದಿರಲಿ, ಅದನ್ನು ಕೊಳ್ಳುವುದೂ ಇಟ್ಟುಕೊಳ್ಳುವುದೂ ಅಪರಾಧ. ಹೊರದೇಶದ ಕಲ್ಲುಹವಳಗಳು ವನ್ಯಜೀವಿಗಳ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಕಡಿವಾಣ ಹಾಕುವ ಸೈಟಿಸ್ ಒಪ್ಪಂದದ ಎರಡನೇ ಅನುಬಂಧದಲ್ಲಿವೆ. 2022ರ ತಿದ್ದುಪಡಿಯಿಂದ ಆ ಪಟ್ಟಿಯೂ ನಮ್ಮ ಕಾಯ್ದೆಯೊಳಗೆ ಬಂದಿದೆ, ಅದರಲ್ಲಿರುವ ಜೀವಂತ ಪ್ರಾಣಿಗಳನ್ನು ಸಾಕುವವರು ನೋಂದಣಿ ಮಾಡಿಸಬೇಕಾಗುತ್ತದೆ. ಅಂಗಡಿಯವರು ‘ಇಂಪೋರ್ಟೆಡ್ ಪೀಸು’ ಅಂದರೆ ಸಾಲದು, ಪರವಾನಗಿಯ ಪ್ರತಿ ಕೇಳಿ. ಅನುಮಾನವಿದ್ದರೆ ದುಡ್ಡು ಕೊಡುವ ಮೊದಲೇ ಅರಣ್ಯ ಇಲಾಖೆಯ ಕಚೇರಿಯಲ್ಲಿ ವಿಚಾರಿಸಿ.

ಗುರುತಿಸುವ ಕೆಲಸಕ್ಕೂ ಈ ಕಾಗದ ಉಪಯೋಗಕ್ಕೆ ಬರುತ್ತದೆ. ಪರವಾನಗಿಯಲ್ಲಿ ವೈಜ್ಞಾನಿಕ ಹೆಸರು, ಕಡೇಪಕ್ಷ ಕುಲದ (ಜೀನಸ್) ಹೆಸರು ಬರೆದಿರುತ್ತದೆ. ಅಂಗಡಿಯ ಹಲಗೆಯ ಮೇಲಿನ ಬಣ್ಣಬಣ್ಣದ ಹೆಸರಿಗಿಂತ ಅದನ್ನು ನಂಬಬಹುದು.

ನೋಡುವುದು ಹೇಗೆ

ಬೇಕಾದ ಸಾಮಾನು ಹೆಚ್ಚಿಲ್ಲ. ಹತ್ತು ಪಟ್ಟು ದೊಡ್ಡದಾಗಿ ತೋರಿಸುವ ಮಸೂರ ಒಂದು: ಅಕ್ಕಸಾಲಿಗರು ಕಣ್ಣಿಗೆ ಹಿಡಿಯುವಂಥದ್ದು ಸಾಕು, ತೋಟದಲ್ಲಿ ಕಾಯಿಕೊರಕ ನೋಡಲು ಇಟ್ಟುಕೊಂಡದ್ದಿದ್ದರೂ ಆಗುತ್ತದೆ. ಪ್ಲಾಸ್ಟಿಕ್ ಸ್ಕೇಲು, ಕೆಂಪು ಬೆಳಕಿನ ಟಾರ್ಚು, ಫೋನು. ಸ್ಟೇಷನರಿ ಅಂಗಡಿಯಲ್ಲಿ ಸಿಗುವ ಕಿತ್ತಳೆ ಬಣ್ಣದ ಜಿಲೆಟಿನ್ ಪೇಪರ್ ಒಂದು ಹಾಳೆ, ಎರಡು ಪದರ ಮಡಿಸಿ ಫೋನಿನ ಕ್ಯಾಮೆರಾ ಮುಂದೆ ಹಿಡಿದರೆ ನೀಲಿ ಎಲ್‌ಇಡಿಯ ಪ್ರಖರತೆ ತಗ್ಗಿ ಟೆಂಟಕಲ್‌ಗಳು ಬಿಡಿಬಿಡಿಯಾಗಿ ಕಾಣುತ್ತವೆ.

ಪ್ರತಿ ಹವಳವನ್ನೂ ಮೂರು ಹೊತ್ತಿನಲ್ಲಿ ನೋಡಬೇಕು.

1. ಹಗಲು, ಪೂರ್ತಿ ಅರಳಿದಾಗ. ಬಿಳಿ ಎಲ್‌ಇಡಿ ಏರಿಸಿ, ಪಂಪುಗಳನ್ನು ಐದು ನಿಮಿಷ ನಿಲ್ಲಿಸಿ, ಗಾಜಿಗೆ ನೇರವಾಗಿ ಫೋನ್ ಹಿಡಿದು ಫೋಟೋ ತೆಗೆಯಿರಿ. ಓರೆಯಾಗಿ ಹಿಡಿದರೆ ಗಾಜು ಅಳತೆಯನ್ನೇ ಬದಲಿಸುತ್ತದೆ.

2. ರಾತ್ರಿ, ದೀಪ ಆರಿ ಎರಡು ಗಂಟೆಯಾದ ಮೇಲೆ, ಕೆಂಪು ಟಾರ್ಚಿನಲ್ಲಿ. ಹಗಲು ಸಾಧುವಾಗಿ ಕಾಣುವ ಹವಳಗಳ ಕುಟುಕುವ ಎಳೆಗಳು ಹೊರಬೀಳುವುದು ಆಗಲೇ.

3. ಮುದುಡಿದಾಗ. ಹೊಸ ಹವಳವನ್ನು ಟ್ಯಾಂಕಿಗೆ ಬಿಡುವ ಮೊದಲು ಕ್ರಿಮಿಗಳು ಹೋಗಲೆಂದು ಔಷಧದ ನೀರಿನಲ್ಲಿ ಅದ್ದಿ ಡಿಪ್ ಮಾಡುತ್ತೀರಲ್ಲ, ಆ ಐದು–ಹತ್ತು ನಿಮಿಷದಲ್ಲಿ ಮಾಂಸ ಒಳಕ್ಕೆ ಹೋಗಿ ಗೂಡಿನ ಅಂಚು ಮೇಲೆ ಬರುತ್ತದೆ. ಆಗಲೇ ಮಸೂರ ಹಿಡಿಯಿರಿ. ಬುಡದಲ್ಲಿ ಕತ್ತರಿಸಿದ ಮುಖವಿದ್ದರೆ ಅದರ ಫೋಟೋ ತೆಗೆದಿಟ್ಟುಕೊಳ್ಳಿ. ಈ ಒಂದು ಫೋಟೋ ಹೇಳುವಷ್ಟನ್ನು ಅರಳಿದ ಹವಳದ ಹತ್ತು ಫೋಟೋ ಹೇಳುವುದಿಲ್ಲ.

ಬೆಂಗಳೂರಿನಿಂದ ಕಾರಿನ ಡಿಕ್ಕಿಯಲ್ಲಿ ನಾಲ್ಕು ಗಂಟೆ ಚೀಲದೊಳಗೆ ಬಂದ ಹವಳದ ಬಗ್ಗೆ ಅದೇ ದಿನ ತೀರ್ಮಾನ ಬೇಡ. ದೊಡ್ಡ ಪಾಲಿಪ್‌ನವು (ಪಾಲಿಪ್ ಅಂದರೆ ಒಂದು ಬಾಯಿ, ಅದರ ಸುತ್ತಲಿನ ಟೆಂಟಕಲ್ ಸೇರಿದ ಬಿಡಿ ಜೀವಿ) ಅರಳಲು ಮೂರು–ನಾಲ್ಕು ದಿನ ಬೇಕು. ಹೂಗುಚ್ಛದಂತೆ ಅರಳುವ ಗೋನಿಯೋಪೋರಾ ಒಂದು ವಾರ ಮುಷ್ಕರ ಹೂಡಿದರೂ ಆಶ್ಚರ್ಯವಿಲ್ಲ.

ನೀರಿನದೇ ತಪ್ಪಾಗಿದ್ದರೆ

ಎಲ್ಲ ಹವಳಗಳೂ ಒಟ್ಟಿಗೆ ಮುದುಡಿದ್ದರೆ ಹೆಸರು ಹುಡುಕುತ್ತ ಕೂರಬೇಡಿ, ಉಷ್ಣಾಂಶ ನೋಡಿ. ನಮ್ಮ ಹಾಸನ, ಚಿಕ್ಕಮಗಳೂರು ಎರಡೂ ಸಮುದ್ರಮಟ್ಟದಿಂದ ಸುಮಾರು ಸಾವಿರ ಮೀಟರ್ ಎತ್ತರದ ಊರುಗಳು. ಚೆನ್ನೈನವರ ತಲೆನೋವು ಚಿಲ್ಲರ್‌ನದಾದರೆ ಇಲ್ಲಿಯದು ಹೀಟರ್‌ನದು. ಶಿವರಾತ್ರಿ ಕಳೆಯುವವರೆಗೂ ಬೆಳಗಿನ ಜಾವ ಕೋಣೆಯ ಉಷ್ಣಾಂಶ ಇಳಿಯುತ್ತಲೇ ಇರುತ್ತದೆ. ಲೀಟರಿಗೆ ಒಂದು ವ್ಯಾಟ್ ಎಂಬ ಲೆಕ್ಕ ನಮ್ಮಲ್ಲಿ ಸಾಲದು. ಒಂದೂವರೆಯಿಂದ ಎರಡು ವ್ಯಾಟ್ ಲೆಕ್ಕ ಹಾಕಿ, ಅದನ್ನೂ ಎರಡು ಹೀಟರಿಗೆ ಹಂಚಿ. ಒಂದು ಕೈಕೊಟ್ಟರೆ ಇನ್ನೊಂದು ಬೆಳಗಿನವರೆಗೆ ಕಾಯುತ್ತದೆ. ಬೆಳಿಗ್ಗೆ ಆರಕ್ಕೂ ಮಧ್ಯಾಹ್ನ ನಾಲ್ಕಕ್ಕೂ ಥರ್ಮಾಮೀಟರ್ ನೋಡಿ, 25–26 ಡಿಗ್ರಿಯ ಸುತ್ತ ಒಂದು ಡಿಗ್ರಿಗಿಂತ ಹೆಚ್ಚು ಆಚೀಚೆ ಆಗುತ್ತಿದ್ದರೆ ತಪ್ಪು ಅಲ್ಲಿದೆ.

ಉಳಿದವು ಗೊತ್ತಿರುವ ಅಂಕಿಗಳೇ: ಉಪ್ಪು 35 ಪಿಪಿಟಿ (ಸಾವಿರಕ್ಕೆ 35 ಪಾಲು), ಆಲ್ಕಲಿನಿಟಿ (ನೀರಿನ ಕ್ಷಾರೀಯತೆ) 8–9 ಡಿಕೆಎಚ್, ಕ್ಯಾಲ್ಸಿಯಂ 400–450 ಪಿಪಿಎಂ (ಹತ್ತು ಲಕ್ಷಕ್ಕೆ ಇಷ್ಟು ಪಾಲು), ಮೆಗ್ನೀಷಿಯಂ 1250–1350 ಪಿಪಿಎಂ, ನೈಟ್ರೇಟ್ 2–10 ಪಿಪಿಎಂ. ಅರಸೀಕೆರೆ, ಚನ್ನರಾಯಪಟ್ಟಣ ಕಡೆಯ ಬೋರ್‌ವೆಲ್ ನೀರು ಗಡಸು, ಮನೆಯ ಕುಡಿಯುವ ಆರ್‌ಒ ಯಂತ್ರ ಒಂದನ್ನೇ ನೆಚ್ಚಿಕೊಂಡರೆ ಆಗದು. ಅದರಿಂದ ಹೊರಬರುವ ನೀರನ್ನು ಡಿಐ ರೆಸಿನ್ (ಉಳಿದ ಲವಣ ಹೀರುವ ಹರಳು) ಮೂಲಕ ಹಾಯಿಸಿ ಟಿಡಿಎಸ್ (ಕರಗಿದ ಲವಣಗಳ ಅಳತೆ) ಸೊನ್ನೆಗೆ ತನ್ನಿ. ಸಕಲೇಶಪುರ, ಮೂಡಿಗೆರೆ ಕಡೆ ಆಷಾಢದ ಮಳೆಗೆ ಮರ ಬಿದ್ದು ಕರೆಂಟ್ ಹೋದರೆ ಯಾವಾಗ ಬರುತ್ತದೋ ಹೇಳಲಾಗದು, ಬ್ಯಾಟರಿಯ ಏರ್ ಪಂಪ್ ಇಲ್ಲದೆ ಅಲ್ಲಿ ಹವಳ ಸಾಕುವ ಮಾತೇ ಬೇಡ.

ಇವೆಲ್ಲ ಸರಿಯಿದ್ದೂ ಒಂದೇ ಹವಳ ಕೆಟ್ಟಿದ್ದರೆ ಮುಂದಕ್ಕೆ ಓದಿ.

ಲಕ್ಷಣ: ಬೆಳಗಾಗುವಷ್ಟರಲ್ಲಿ ಪಕ್ಕದ ಹವಳದ ಒಂದು ಮಗ್ಗುಲು ಬೆಳ್ಳಗಾಗಿದೆ

ಸತ್ತ ಹವಳವನ್ನು ಬಿಟ್ಟು ಅದರ ನೆರೆಯವರನ್ನು ವಿಚಾರಿಸಿ. ಇಂಥ ಹೆಚ್ಚಿನ ಪ್ರಕರಣಗಳು ಹ್ಯಾಮರ್, ಟಾರ್ಚ್, ಫ್ರಾಗ್‌ಸ್ಪಾನ್ ಎಂಬ ಮೂರು ಹವಳಗಳ ಗೊಂದಲದಿಂದ ಆಗುತ್ತವೆ. ಮುದುಡಿದಾಗ ಇವು ಮೂರೂ ಒಂದೇ: ಕವಲೊಡೆದ ಬಿಳಿ ಕಡ್ಡಿಗಳು, ತುದಿಯಲ್ಲಿ ಹಲ್ಲಿಲ್ಲದ ನುಣುಪು ಅಂಚಿನ ತೆಳು ಹಾಳೆಗಳು ನಡುವಿನ ಕಡೆಗೆ ಇಳಿದಿರುತ್ತವೆ. ಪಾಲಿಪ್ ಕೂರುವ ಸುಣ್ಣದ ಬಟ್ಟಲಿನ ಒಳಗೆ ಕೇಂದ್ರದಿಂದ ಸುತ್ತಲೂ ಹರಡಿರುವ ಈ ಹಾಳೆಗಳಿಗೆ ಸೆಪ್ಟ ಎನ್ನುತ್ತಾರೆ. ಮುಂದೆ ಈ ಮಾತು ಪದೇ ಪದೇ ಬರುತ್ತದೆ.

ಬೇರೆ ಮಾಡುವುದು ಟೆಂಟಕಲ್‌ನ ತುದಿ. ಟಾರ್ಚ್‌ನಲ್ಲಿ ಟೆಂಟಕಲ್ ಉದ್ದಕ್ಕೆ, ಕವಲಿಲ್ಲದೆ ಇದ್ದು ತುದಿಯಲ್ಲಿ ಒಂದೇ ಗುಂಡು. ಹ್ಯಾಮರ್‌ನಲ್ಲಿ ತುದಿ ಅಡ್ಡಕ್ಕೆ ಚಾಚಿ ಸುತ್ತಿಗೆಯ ತಲೆಯ ಹಾಗೋ ಬಾಗಿದ ಲಂಗರಿನ ಹಾಗೋ ಇರುತ್ತದೆ. ಫ್ರಾಗ್‌ಸ್ಪಾನ್‌ನಲ್ಲಿ ಒಂದೇ ಟೆಂಟಕಲ್ ಕವಲೊಡೆದು ಮೂರೋ ನಾಲ್ಕೋ ಗುಂಡುಗಳನ್ನು ಹೊತ್ತಿರುತ್ತದೆ. ಕಷ್ಟ ಬರುವುದು ಎಳೆಯ ಹ್ಯಾಮರ್‌ನಲ್ಲಿ: ಹೊರಸುತ್ತಿನ ಟೆಂಟಕಲ್‌ಗಳ ತುದಿ ಇನ್ನೂ ಅಗಲವಾಗಿರುವುದಿಲ್ಲ, ಟಾರ್ಚ್ ಅಂತಲೇ ಕಾಣುತ್ತದೆ. ಆದ್ದರಿಂದ ಅಂಚಿನವನ್ನು ಬಿಟ್ಟು ಬಾಯಿಗೆ ಹತ್ತಿರದ ಹತ್ತು ಟೆಂಟಕಲ್ ನೋಡಿ. ಹತ್ತರಲ್ಲಿ ಏಳೆಂಟು ಅಡ್ಡ ತಲೆಯವಾಗಿದ್ದರೆ ಅದು ಹ್ಯಾಮರ್.

ಇಷ್ಟು ತಲೆ ಕೆಡಿಸಿಕೊಳ್ಳುವುದೇಕೆಂದರೆ, ಹ್ಯಾಮರ್ ಮತ್ತು ಫ್ರಾಗ್‌ಸ್ಪಾನ್ ಸಾಮಾನ್ಯವಾಗಿ ಒಂದರ ಮೈಗೆ ಒಂದು ತಾಗಿದರೂ ಹೊಂದಿಕೊಂಡು ಹೋಗುತ್ತವೆ. ಟಾರ್ಚ್ ಇವೆರಡನ್ನೂ ಸುಡುತ್ತದೆ. 2017ರಲ್ಲಿ ಹ್ಯಾಮರ್, ಫ್ರಾಗ್‌ಸ್ಪಾನ್‌ಗಳನ್ನು ಫಿಂಬ್ರಿಯಾಫಿಲಿಯಾ ಎಂಬ ಕುಲಕ್ಕೆ ಸೇರಿಸಿ ಟಾರ್ಚನ್ನು ಯೂಫಿಲಿಯಾದಲ್ಲೇ ಉಳಿಸಿದರು. ಟ್ಯಾಂಕಿನಲ್ಲಿ ಕಾಣುವ ನಂಟಸ್ತಿಕೆಗೂ ಇದಕ್ಕೂ ತಾಳೆಯಾಗುತ್ತದೆ. ಟಾರ್ಚ್ ಸುತ್ತ ಎಲ್ಲ ಕಡೆಯೂ 15 ಸೆಂ.ಮೀ. ಬಿಡಿ, ನೀರು ಹರಿದು ಹೋಗುವ ದಿಕ್ಕಿನಲ್ಲಿ ಇನ್ನಷ್ಟು.

ಇನ್ನೊಂದು ವಿಷಯ: ಹ್ಯಾಮರ್‌ನಲ್ಲೂ ಗೋಡೆಯ ಹಾಗೆ ಉದ್ದಕ್ಕೆ ಬೆಳೆಯುವ ಜಾತಿ ಬೇರೆ, ಕವಲೊಡೆಯುವ ಜಾತಿ ಬೇರೆ. ಕಂದು ಲೋಳೆ ರೋಗ ಬಂದಾಗ ಈ ವ್ಯತ್ಯಾಸ ಜೀವ ಉಳಿಸುತ್ತದೆ. ಕವಲಿನದರಲ್ಲಿ ರೋಗ ಹತ್ತಿದ ತಲೆಯನ್ನು ಎರಡು ಸೆಂ.ಮೀ. ಕೆಳಗೆ ಕತ್ತರಿಸಿ ತೆಗೆದರೆ ಉಳಿದದ್ದು ಬದುಕಬಹುದು. ಗೋಡೆಯದರಲ್ಲಿ ಮಾಂಸ ಉದ್ದಕ್ಕೂ ಒಂದೇ ಆದ್ದರಿಂದ ಲೋಳೆ ಓಡುತ್ತಲೇ ಹೋಗುತ್ತದೆ. ಲೋಳೆಯನ್ನು ಮೊದಲು ಸೈಫನ್‌ನಿಂದ ಹೊರಕ್ಕೆ ಎಳೆಯಿರಿ, ಊದಿ ಟ್ಯಾಂಕಿನೊಳಗೆಲ್ಲ ಹರಡಬೇಡಿ.

ಮೂವರೂ ನಿರಪರಾಧಿಗಳಾಗಿದ್ದರೆ ಗ್ಯಾಲಾಕ್ಸಿಯಾ ಇದೆಯೇ ನೋಡಿ. ‘ಸ್ಟಾರ್ ಪಾಲಿಪ್’ ಎಂಬ ಹೆಸರಲ್ಲಿ ಮಾರಾಟವಾಗಿ ಬರುತ್ತದೆ, ನಕ್ಷತ್ರದಂಥ ಪುಟ್ಟ ಪಾಲಿಪ್‌ಗಳು ನೋಡಲು ಬಲು ಸಾಧು. ಮುದುಡಿದಾಗ ಮಸೂರ ಹಿಡಿದರೆ ಗುಟ್ಟು ಬಯಲು: ಪ್ರತಿ ಬಟ್ಟಲೂ ಬಿಡಿಬಿಡಿ ಕೊಳವೆ, ಸೆಪ್ಟಗಳು ಅಂಚಿನಿಂದ ಮೇಲಕ್ಕೆ ಚೂಪಾಗಿ ಎದ್ದು ಕಿರೀಟದ ಹಾಗೆ ನಿಂತಿರುತ್ತವೆ. ನಿಜವಾದ ಸ್ಟಾರ್ ಪಾಲಿಪ್ ಮೆದುಹವಳ, ಅದರಲ್ಲಿ ಗರಿಗರಿಯಾದ ಎಂಟೇ ಟೆಂಟಕಲ್, ಒತ್ತಿದರೆ ಸುಣ್ಣದ ಗೂಡಿಲ್ಲ. ಗ್ಯಾಲಾಕ್ಸಿಯಾದ ರಾತ್ರಿಯ ಎಳೆ ಒಂದು ಅಡಿಯ ಹತ್ತಿರಕ್ಕೂ ಚಾಚಬಲ್ಲದು. ಚಿಕ್ಕ ಟ್ಯಾಂಕಿನಲ್ಲಿ ಇದಕ್ಕೆ ಜಾಗವೇ ಇಲ್ಲ ಎಂಬುದು ನಮ್ಮ ಖಚಿತ ಅಭಿಪ್ರಾಯ.

ಮೂರನೆಯ ಕಳ್ಳ ಹಿಡ್ನೋಫೋರಾ. ಕವಲಿನ ರೂಪದಲ್ಲಿ ಬಂದರೆ ಅಕ್ರೋಪೋರಾ ಅಂತ, ಹಾಸಿನ ರೂಪದಲ್ಲಿ ಬಂದರೆ ಮೋಂಟಿಪೋರಾ ಅಂತ ಯಾಮಾರಿಸುತ್ತದೆ. ಮೈತುಂಬ ಸಣ್ಣ ಶಂಕುವಿನಾಕಾರದ ಉಬ್ಬುಗಳು. ಪಾಲಿಪ್ ಇರುವುದು ಉಬ್ಬಿನ ತುದಿಯಲ್ಲಲ್ಲ, ಉಬ್ಬುಗಳ ನಡುವಿನ ತಗ್ಗಿನಲ್ಲಿ. ಇದೊಂದು ಗುರುತು ಸಾಕು. ಅಕ್ರೋಪೋರಾಗಳ ನಡುವೆ ಇದನ್ನು ಅಂಟಿಸಿದವರು ಸುತ್ತಲಿನ ಕವಲುಗಳು ಒಂದೊಂದಾಗಿ ಬೆಳ್ಳಗಾದ ಮೇಲೆ ಲೈಟನ್ನು ದೂರುತ್ತಾರೆ.

ಲಕ್ಷಣ: ತಿಂಗಳುಗಟ್ಟಲೆ ಮೆಲ್ಲಗೆ ಕುಗ್ಗುತ್ತಿದೆ, ರೋಗದ ಗುರುತಿಲ್ಲ

ಇಲ್ಲಿ ಎರಡು ಜೋಡಿಗಳನ್ನು ಪರೀಕ್ಷಿಸಿ.

ಮೊದಲನೆಯದು ಗೋನಿಯೋಪೋರಾ ಮತ್ತು ಅಲ್ವಿಯೋಪೋರಾ. ಎರಡೂ ಹೂಗುಚ್ಛದ ಹಾಗೆ, ಉದ್ದ ಕಾಂಡದ ಮೇಲೆ ಅರಳುತ್ತವೆ. ಗುರುತಿಸಲು ಲೆಕ್ಕ ಬಂದರೆ ಸಾಕು: ಗೋನಿಯೋಪೋರಾಗೆ 24 ಟೆಂಟಕಲ್, ಅಲ್ವಿಯೋಪೋರಾಗೆ 12. ಆದರೆ ನೀರಿನಲ್ಲಿ ಓಲಾಡುವ ಪಾಲಿಪ್ ನೋಡುತ್ತ ಎಣಿಸಿದರೆ ಯಾರಿಗೂ ಲೆಕ್ಕ ಸಿಗದು. ಪಂಪ್ ನಿಲ್ಲಿಸಿ, ಕಿತ್ತಳೆ ಹಾಳೆ ಹಿಡಿದು, ಬಾಯಿ ನಿಮ್ಮ ಕಡೆಗೇ ತಿರುಗಿರುವ ಒಂದು ಪಾಲಿಪ್‌ನ ಫೋಟೋ ತೆಗೆಯಿರಿ. ಫೋನಿನ ಎಡಿಟ್‌ನಲ್ಲಿ ಒಂದು ಟೆಂಟಕಲ್ ಮೇಲೆ ಚುಕ್ಕೆ ಇಟ್ಟು ಅಲ್ಲಿಂದ ಒಂದೊಂದಕ್ಕೂ ಚುಕ್ಕೆ ಇಡುತ್ತ ಬನ್ನಿ. 21, 22 ಬಂದರೂ ಅದು ಗೋನಿಯೋಪೋರಾನೇ, ಹಿಂದೆ ಅಡಗಿದ್ದು ತಪ್ಪಿರುತ್ತದೆ ಅಷ್ಟೆ. 12ಕ್ಕೂ 24ಕ್ಕೂ ನಡುವೆ ಗೊಂದಲಕ್ಕೆ ಎಡೆಯಿಲ್ಲ. ಅಲ್ವಿಯೋಪೋರಾದ ಟೆಂಟಕಲ್ ತುದಿ ಹೆಚ್ಚಾಗಿ ಮೊಂಡು, ಗೋನಿಯೋಪೋರಾದ್ದು ತುದಿಗೆ ಸಣ್ಣಗಾಗುತ್ತ ಹೋಗುತ್ತದೆ. ಎಣಿಕೆ 8 ಬಂದು ಟೆಂಟಕಲ್ ಅಂಚಿನಲ್ಲಿ ಗರಿಗಳಿದ್ದರೆ ಅದು ಕಲ್ಲುಹವಳವೇ ಅಲ್ಲ, ಕ್ಲಾವುಲೇರಿಯಾದಂಥ ಮೆದುಹವಳ.

ಬುಡ ಕೂಡ ಸಾಕ್ಷಿ ಹೇಳುತ್ತದೆ. ಅಲ್ವಿಯೋಪೋರಾದ ಗೂಡು ಜಾಲರಿಯ ಹಾಗೆ ತೂತುತೂತು, ಕೈಯಲ್ಲಿ ಹಿಡಿದರೆ ಗಾತ್ರಕ್ಕೆ ತಕ್ಕ ತೂಕವೇ ಇರುವುದಿಲ್ಲ, ಚಿಮುಟ ಬಿಗಿಯಾಗಿ ಹಿಡಿದರೆ ಪುಡಿಯಾಗುತ್ತದೆ. ಗೋನಿಯೋಪೋರಾದ್ದು ಅದಕ್ಕಿಂತ ಗಟ್ಟಿ. ಅಲ್ವಿಯೋಪೋರಾಗೆ ಮೆಲ್ಲನೆಯ ನೀರು ಸಾಕು. ಗೋನಿಯೋಪೋರಾಗೆ ಇನ್ನೂ ಸ್ವಲ್ಪ ಚುರುಕಾದ ಹರಿವು ಬೇಕು, ಜೊತೆಗೆ ನುಣ್ಣನೆಯ ಪುಡಿ ಆಹಾರವನ್ನು ವಾರಕ್ಕೆ ಎರಡು ಮೂರು ಸಲ ಪಂಪ್ ನಿಲ್ಲಿಸಿ ಬಿಡಬೇಕು. ಬರೀ ಬೆಳಕಿನ ಮೇಲೆ ನೆಚ್ಚಿ ಇಟ್ಟ ಗೋನಿಯೋಪೋರಾ ಆರು ತಿಂಗಳು ಚೆನ್ನಾಗಿಯೇ ಇದ್ದು ಆಮೇಲೆ ಕುಗ್ಗಲು ಶುರುವಾಗುವುದು ಹಳೆಯ ಕಥೆ.

ಎರಡನೆಯ ಜೋಡಿಯಲ್ಲಿ ತಪ್ಪಿದರೆ ಹವಳ ಖಂಡಿತ ಸಾಯುತ್ತದೆ: ಡಂಕನ್ ಮತ್ತು ಸನ್ ಕೋರಲ್. ಎರಡೂ ಒಂದೇ ಕುಟುಂಬದವು, ಎರಡರದ್ದೂ ಒಂದು ಸೆಂ.ಮೀ. ಆಸುಪಾಸಿನ ಕೊಳವೆ ಬಾಯಿ. ಡಂಕನ್‌ನ ಮೈಯಲ್ಲಿ ಪಾಚಿಕಣಗಳಿವೆ, ಬೆಳಕಿನಿಂದಲೇ ಬಹುಪಾಲು ಹೊಟ್ಟೆ ಹೊರೆಯುತ್ತದೆ. ಸನ್ ಕೋರಲ್‌ನಲ್ಲಿ ಅವಿಲ್ಲ. ಬೆಳಕು ಎಷ್ಟು ಕೊಟ್ಟರೂ ಅದಕ್ಕೆ ಅನ್ನವಲ್ಲ. ಬಿಳಿ ಬೆಳಕಿನಲ್ಲಿ ನೋಡಿ: ಡಂಕನ್‌ನ ತಟ್ಟೆಯಲ್ಲಿ ಕಂದು ಅಥವಾ ಹಸಿರು ಛಾಯೆ ಇದ್ದೇ ಇರುತ್ತದೆ, ಸನ್ ಕೋರಲ್ ಅಪ್ಪಟ ಕಿತ್ತಳೆ ಅಥವಾ ಹಳದಿ, ಕಂದಿನ ಲವಲೇಶವಿಲ್ಲ. ಹಗಲೆಲ್ಲ ಮುಚ್ಚಿಕೊಂಡಿದ್ದು ಮೈಸಿಸ್ ಸಿಗಡಿ ಕರಗಿಸಿದ ನೀರು ನಾಲ್ಕು ಹನಿ ಬಿಟ್ಟ ಅರ್ಧ ಗಂಟೆಯೊಳಗೆ ಅರಳಿದರೆ ಅನುಮಾನ ಇನ್ನೂ ಬಲವಾಗುತ್ತದೆ, ಆದರೆ ಹಸಿದ ಡಂಕನ್ ಕೂಡ ವಾಸನೆಗೆ ಬಾಯಿ ತೆರೆಯುತ್ತದೆ, ಇದೊಂದನ್ನೇ ನಂಬಬೇಡಿ. ಸನ್ ಕೋರಲ್ ಎಂದು ಗಟ್ಟಿಯಾದರೆ ವಾರಕ್ಕೆ ಮೂರು ಸಲ, ಪ್ರತಿ ಬಾಯಿಗೂ ಬೇರೆಬೇರೆಯಾಗಿ ಪಿಪೆಟ್‌ನಲ್ಲಿ ಉಣ್ಣಿಸಬೇಕು. ಪಕ್ಕದ ಬಾಯಿ ತಿಂದರೆ ಇದರ ಹೊಟ್ಟೆ ತುಂಬುತ್ತದೆಂದು ಭಾವಿಸಬೇಡಿ. ಅಷ್ಟು ಪುರಸೊತ್ತಿಲ್ಲದವರು ಸಾಕದಿರುವುದೇ ಒಳ್ಳೆಯದು.

ಲಕ್ಷಣ: ಕೆಳ ಅಂಚಿನಲ್ಲಿ ಮಾಂಸ ಹರಿದು ಗೂಡು ಕಾಣುತ್ತಿದೆ

ಇದು ಬಹುತೇಕ ಇಟ್ಟ ಜಾಗದ ದೋಷ. ದಪ್ಪ ಮಾಂಸದ ಹವಳಗಳೆಲ್ಲ ‘ಬ್ರೇನ್’ ಎಂಬ ಒಂದೇ ಹೆಸರಲ್ಲಿ ಮಾರಾಟವಾಗುತ್ತವೆ. ಅವುಗಳಲ್ಲಿ ಮರಳಿನಲ್ಲಿ ಮಲಗುವವು ಬೇರೆ, ಕಲ್ಲಿಗೆ ಅಂಟುವವು ಬೇರೆ.

ತಿರುಗಿಸಿ ಬುಡ ನೋಡಿ. ಬುಡ ಶಂಕುವಿನ ಹಾಗೆ ಕೆಳಕ್ಕೆ ಚೂಪಾಗಿದ್ದರೆ ಅದು ಟ್ರಾಕಿಫಿಲಿಯಾ ಅಥವಾ ಕ್ಯಾಟಲಾಫಿಲಿಯಾ, ಎರಡೂ ಮರಳಿನವು. ಇವುಗಳ ನಡುವೆ ಭೇದ ಹೇಳುವುದು ಸೆಪ್ಟದ ಅಂಚು: ಟ್ರಾಕಿಫಿಲಿಯಾದ್ದರಲ್ಲಿ ಸಣ್ಣ ಸಣ್ಣ ಹಲ್ಲು, ಕ್ಯಾಟಲಾಫಿಲಿಯಾದ್ದು ನುಣುಪು. ಅರಳಿದಾಗಲಂತೂ ಕ್ಯಾಟಲಾಫಿಲಿಯಾ, ಅಂದರೆ ಎಲಿಗನ್ಸ್, ಅಗಲವಾದ ಪಟ್ಟೆಪಟ್ಟೆ ತಟ್ಟೆಯ ಸುತ್ತ ಟೆಂಟಕಲ್ ಚಾಚುತ್ತದೆ. ಅದನ್ನು ಹ್ಯಾಮರ್ ಎಂದುಕೊಂಡು ಕಲ್ಲಿನ ಮೇಲೆ ಅಂಟಿಸಿದರೆ ಉಬ್ಬಿದ ಮಾಂಸ ಕಲ್ಲಿನ ಮೂಲೆಗೆ ಉಜ್ಜಿ ಹರಿಯುತ್ತದೆ.

ಬುಡ ಚಪ್ಪಟೆಯಾಗಿ, ಕತ್ತರಿಸಿದ್ದೋ ಕಲ್ಲಿಗೆ ಅಂಟಿದ್ದೋ ಆಗಿದ್ದರೆ ಲೋಬೋಫಿಲಿಯಾ. ಅದರ ಸೆಪ್ಟದ ಹಲ್ಲುಗಳು ಗರಗಸದ ಹಾಗೆ ಎತ್ತರ, ಮುದುಡಿದಾಗ ಮಾಂಸದ ಮೇಲೇ ಮುಳ್ಳುಮುಳ್ಳಾಗಿ ಉಬ್ಬಿರುತ್ತವೆ. ಹಳೆಯ ಬಿಲ್ಲುಗಳಲ್ಲಿ ಸಿಂಫಿಲಿಯಾ ಎಂದಿದ್ದರೂ ಈಗ ಅದು ಲೋಬೋಫಿಲಿಯಾನೇ. ದುಂಡಗೆ, ಒಂದೇ ಬಾಯಿಯದಾಗಿದ್ದು ಮಾಂಸ ಗಾಜಿನಂತೆ ಪಾರದರ್ಶಕವಾಗಿ ಒಳಗಿನ ದಪ್ಪ ಸೆಪ್ಟಗಳು ಕಂಡರೆ ಸೈನರಿನಾ. ಅದೇ ಆಕಾರದಲ್ಲಿ ಮಾಂಸ ಅಪಾರದರ್ಶಕವಾಗಿ ಒರಟಾಗಿದ್ದರೆ ‘ಸ್ಕೋಲಿ’ ಎಂದು ಮಾರುವ ಹೋಮೋಫಿಲಿಯಾ.

ಮರಳಿನವಕ್ಕೆ ನುಣ್ಣನೆಯ ಮರಳು ಮೂರು ಸೆಂ.ಮೀ. ಆಳ ಇರಲಿ, ಬುಡ ಮಾತ್ರ ಹೂತು ಮಾಂಸದ ಅಂಚು ಮರಳಿಗಿಂತ ಮೇಲಿರಲಿ. ಪಾರ್ ಮೀಟರ್ (ಹವಳಕ್ಕೆ ದಕ್ಕುವ ಬೆಳಕು ಅಳೆಯುವ ಸಾಧನ) ಇದ್ದರೆ 50ರಿಂದ 100ರೊಳಗೆ ಇಡಿ.

ಪ್ಲೇಟ್ ಹವಳಗಳನ್ನೂ ಇಲ್ಲೇ ಹೇಳಿಬಿಡಬಹುದು. ಉದ್ದ ಟೆಂಟಕಲ್‌ನ ಹೀಲಿಯೋಫಂಜಿಯಾವನ್ನು ಗೋನಿಯೋಪೋರಾ ಎಂದೋ ಸಮುದ್ರದ ಹೂವೆಂದೋ ತಿಳಿದು ಕಲ್ಲಿಗೇರಿಸುತ್ತಾರೆ. ನಟ್ಟನಡುವೆ ಒಂದೇ ದೊಡ್ಡ ಬಾಯಿ, ಕೆಳಗೆ ತಟ್ಟೆಯಂಥ ಗೂಡು ಇದ್ದರೆ ಅದು ಹೀಲಿಯೋಫಂಜಿಯಾ. ಉದ್ದನೆಯ ನಾಲಗೆಯಂತಿದ್ದು ಬಾಯಿಗಳು ಹಲವಿದ್ದರೆ ಪಾಲಿಫಿಲಿಯಾ. ಎರಡೂ ಮರಳಿನ ಮೇಲೆ, ಅಂಟು ಹಾಕದೆ.

ತಲೆ ಕೆಡಿಸಿಕೊಳ್ಳಬೇಕಿಲ್ಲದವು

ಜೇನುಗೂಡಿನಂಥ ಹವಳಗಳ ಬಗ್ಗೆ ಜನ ಗಂಟೆಗಟ್ಟಲೆ ವಾದ ಮಾಡುತ್ತಾರೆ, ಟ್ಯಾಂಕಿಗೆ ಅದರಿಂದ ಲಾಭವಿಲ್ಲ. ಪ್ರತಿ ಬಟ್ಟಲಿಗೂ ತನ್ನದೇ ಗೋಡೆಯಿದ್ದು ನಡುವೆ ಸಣ್ಣ ಕಾಲುವೆ ಕಂಡರೆ ಡಿಪ್ಸಾಸ್ಟ್ರಿಯಾ, ಹಳೆಯ ಹೆಸರು ಫೇವಿಯಾ. ಎರಡು ಬಟ್ಟಲಿಗೆ ಒಂದೇ ಗೋಡೆಯಾದರೆ ಫೇವೈಟಿಸ್. ಗೋಡೆಗಳು ಹಾವಿನಂತೆ ಸುತ್ತಿಕೊಂಡು ಹೋದರೆ ಪ್ಲಾಟಿಗೈರಾ. ಮೂರಕ್ಕೂ ಮಧ್ಯಮ ಬೆಳಕು, ಮಧ್ಯಮ ಹರಿವು, ಸುತ್ತ 10 ಸೆಂ.ಮೀ. ಖಾಲಿ ಜಾಗ. ಅಷ್ಟೇ.

‘ಅಕಾನ್’ ಮತ್ತು ಬ್ಲಾಸ್ಟೋಮುಸ್ಸಾ ಮೇಲಿನಿಂದ ಒಂದೇ ಥರದ ಬಣ್ಣದ ಗುಂಡಿಗಳು. ಬಗ್ಗಿ ಪಕ್ಕದಿಂದ ನೋಡಿ: ಬ್ಲಾಸ್ಟೋದಲ್ಲಿ ಪ್ರತಿ ಪಾಲಿಪ್‌ಗೂ ಬೇರೆ ಕೊಳವೆ, ನಡುವೆ ಸಂದು. ಅಕಾನ್‌ನಲ್ಲಿ, ಈಗಿನ ಹೆಸರು ಮೈಕ್ರೋಮುಸ್ಸಾ, ಬಟ್ಟಲುಗಳು ಒತ್ತಾಗಿ ಒಂದೇ ಹಾಸಾಗಿರುತ್ತವೆ. ಬ್ಲಾಸ್ಟೋ ಕಡಿಮೆ ಬೆಳಕಿನ ನೆರಳಿಗೆ ಸರಿ, ಮತ್ತು ನೆರೆಯವರಿಂದ ಪೆಟ್ಟು ತಿನ್ನುವ ಸ್ವಭಾವದ್ದು. ಅಕಾನ್ ಪೆಟ್ಟು ಕೊಡುವುದು. ಇಬ್ಬರನ್ನೂ ಒಟ್ಟಿಗೆ ಅಂಟಿಸಬೇಡಿ.

ಲಕ್ಷಣ: ಕಡ್ಡಿಹವಳ ಕಂದುಗಟ್ಟಿದೆ, ಬೆಳವಣಿಗೆ ನಿಂತಿದೆ

ಬೆಳಕು ಸಾಲದೆ ಕಂದಾದ ಮೇಲೆ ಸಣ್ಣ ಪಾಲಿಪ್‌ನ ಕಡ್ಡಿಗಳೆಲ್ಲ ಒಂದೇ ಮನೆಯವರ ಹಾಗೆ ಕಾಣುತ್ತವೆ. ಮಸೂರವನ್ನು ಕವಲಿನ ತುದಿಗೆ ಹಿಡಿಯಿರಿ. ತುದಿಯ ನಟ್ಟನಡುವೆ ಬದಿಯವಕ್ಕಿಂತ ದೊಡ್ಡದಾದ ಒಂದು ಬಟ್ಟಲು ಇದ್ದರೆ ಅಕ್ರೋಪೋರಾ. ಈ ತುದಿಬಟ್ಟಲು ಇಲ್ಲದೆ, ಮೊಂಡು ತುದಿಯ ಮೇಲೆ ಸೂಜಿಮೊನೆಯಷ್ಟು ರಂಧ್ರಗಳು, ರಂಧ್ರಗಳ ನಡುವೆ ಜಾಗವಿದ್ದರೆ ಮೋಂಟಿಪೋರಾ ಡಿಜಿಟೇಟಾ. ರಂಧ್ರಗಳು ನಡುವೆ ಜಾಗವೇ ಇಲ್ಲದಂತೆ ಒತ್ತೊತ್ತಾಗಿದ್ದರೆ ಪೋರೈಟಿಸ್. ಪ್ರತಿ ಬಟ್ಟಲ ಮೇಲೂ ಪುಟ್ಟ ಚಾವಣಿ ಇಳಿಬಿದ್ದಿದ್ದರೆ ಸ್ಟೈಲೋಫೋರಾ. ಬಟ್ಟಲುಗಳು ಕವಲಿನುದ್ದಕ್ಕೂ ಸಾಲುಸಾಲಾಗಿದ್ದು ತುದಿ ಚೂಪಾಗಿದ್ದರೆ ಸೀರಿಯಾಟೋಪೋರಾ. ಮೈಯೆಲ್ಲ ನರೂಲಿಯಂಥ ಉಬ್ಬು, ಆ ಉಬ್ಬುಗಳ ಮೇಲೂ ಪಾಲಿಪ್‌ಗಳಿದ್ದರೆ ಪೋಸಿಲೋಪೋರಾ. ಹಿಡ್ನೋಫೋರಾದ ಉಬ್ಬಿಗೂ ಇದಕ್ಕೂ ಇರುವ ವ್ಯತ್ಯಾಸ ಅದೇ.

ಅಕ್ರೋಪೋರಾಗೆ ಪಾರ್ 200ರಿಂದ 350, ಬಲವಾದ ಮತ್ತು ದಿಕ್ಕು ಬದಲಿಸುವ ಹರಿವು, ದಿನಕ್ಕೆ ಅರ್ಧ ಡಿಕೆಎಚ್‌ಗಿಂತ ಹೆಚ್ಚು ಅಲುಗಾಡದ ಆಲ್ಕಲಿನಿಟಿ ಬೇಕು. ಮೋಂಟಿಪೋರಾ, ಸ್ಟೈಲೋಫೋರಾ 150ರಿಂದಲೇ ಬಣ್ಣ ಹಿಡಿಯುತ್ತವೆ. ಬೆಳಕು ಏರಿಸುವುದಾದರೆ ವಾರಕ್ಕೆ ನೂರಕ್ಕೆ ಹತ್ತರಂತೆ ಮಾತ್ರ.

ಎಲೆಯಂತೆ ಹರಡುವವುಗಳಲ್ಲಿ ಬಟ್ಟಲುಗಳು ಬರಿಗಣ್ಣಿಗೇ ಎದ್ದು ಕಾಣುವಷ್ಟು, ಎರಡು ಮೂರು ಮಿ.ಮೀ. ಇದ್ದರೆ ಟರ್ಬಿನೇರಿಯಾ. ಸೂಜಿಮೊನೆಯಷ್ಟಿದ್ದರೆ ಮೋಂಟಿಪೋರಾ. ಬಟ್ಟಲಿಗೆ ಗೋಡೆಯೇ ಇಲ್ಲದೆ ಸೆಪ್ಟದ ಗೆರೆಗಳು ಒಂದರಿಂದ ಇನ್ನೊಂದಕ್ಕೆ ನೇರವಾಗಿ ಹರಿದಿದ್ದರೆ ಪಾವೋನಾ. ಟರ್ಬಿನೇರಿಯಾ ಮತ್ತು ಪೋರೈಟಿಸ್ ಆಗಾಗ ಮೇಣದಂಥ ಪೊರೆ ಕಟ್ಟಿ ಕೆಲದಿನ ಮುದುಡುತ್ತವೆ, ಪೊರೆ ಕಳಚಿದ ಮೇಲೆ ಮತ್ತೆ ಅರಳುತ್ತವೆ. ಅದು ರೋಗವಲ್ಲ, ಔಷಧ ಬೇಡ, ನೀರು ತಳ್ಳುವ ಪವರ್‌ಹೆಡ್ ಪಂಪನ್ನು ಸ್ವಲ್ಪ ಆ ಕಡೆ ತಿರುಗಿಸಿದರೆ ಸಾಕು.

ಸತ್ತ ತುಂಡಿನಿಂದ ಖಚಿತಪಡಿಸಿಕೊಳ್ಳುವುದು

ನಿಮ್ಮದೇ ಹವಳದ ತುಂಡೊಂದು ಸತ್ತಿದ್ದರೆ ಉಳಿದದ್ದರ ಹೆಸರು ಅದರಿಂದ ಗಟ್ಟಿಯಾಗುತ್ತದೆ. ಮನೆಯ ಹೊರಗೆ, ಪ್ಲಾಸ್ಟಿಕ್ ಡಬ್ಬಿಯಲ್ಲಿ ಒಂದು ಪಾಲು ಬ್ಲೀಚಿಗೆ ಒಂಬತ್ತು ಪಾಲು ನೀರು ಬೆರೆಸಿ ಒಂದು ದಿನ ಮುಳುಗಿಸಿ, ತೊಳೆದು, ಒಣಗಿಸಿ. ಸೆಪ್ಟದ ಹಲ್ಲು, ಗೋಡೆ, ರಂಧ್ರ ಎಲ್ಲ ಕನ್ನಡಿಯಷ್ಟು ಸ್ಪಷ್ಟ. ಬ್ಲೀಚಿಗೆ ಟಾಯ್ಲೆಟ್ ತೊಳೆಯುವ ಆಸಿಡ್ ಅಥವಾ ವಿನೆಗರ್ ಸೇರಿಸಿದರೆ ವಿಷಾನಿಲ ಏಳುತ್ತದೆ. ಹವಳವನ್ನಾಗಲಿ ಟ್ಯಾಂಕಿನ ಕಲ್ಲನ್ನಾಗಲಿ ಯಾವತ್ತೂ ಕುದಿಸಬೇಡಿ: ಅದರ ಮೇಲೆ ಝೋವಾಂಥಿಡ್ (ಗುಂಡಿಯಂಥ ಮೆತ್ತನೆಯ ಪಾಲಿಪ್) ಜಾತಿಯವು ಇದ್ದರೆ ಆವಿಯಲ್ಲಿ ಪಾಲಿಟಾಕ್ಸಿನ್ ಎಂಬ ವಿಷ ಬಂದು ಮನೆಮಂದಿಯೆಲ್ಲ ಆಸ್ಪತ್ರೆ ಸೇರಬೇಕಾಗಬಹುದು. ಜೀವಂತ ಹವಳ ಕತ್ತರಿಸುವಾಗ ಕೈಗವಸು, ಕಣ್ಣಿಗೆ ಕನ್ನಡಕ ಕಡ್ಡಾಯ.

ಇಷ್ಟಾದರೂ ಹೆಸರು ಸಿಗದಿದ್ದರೆ

ಕುಲ ಗೊತ್ತಾದರೆ ಸಾಕಣೆಗೆ ಸಾಕು. ಜಾತಿಯ ಮಟ್ಟಕ್ಕೆ ಹೋಗುವುದು ಅನೇಕ ಕಲ್ಲುಹವಳಗಳಲ್ಲಿ ಮನೆಯ ಮಸೂರದಿಂದ ಆಗುವ ಕೆಲಸವಲ್ಲ. ಕುಲವೂ ಸಿಗದಿದ್ದರೆ ಅತಿ ನಾಜೂಕಿನದು, ಅತಿ ಜಗಳಗಂಟಿ ಎರಡೂ ಹೌದೆಂದು ಭಾವಿಸಿ ನಡೆಸಿಕೊಳ್ಳಿ. ಮರಳಿನ ಮೇಲೆ, ಪಾರ್ 80ರ ಸುತ್ತ, ನೇರ ಹೊಡೆತವಿಲ್ಲದ ಹರಿವಿನಲ್ಲಿ, ಸುತ್ತ 20 ಸೆಂ.ಮೀ. ಬಿಟ್ಟು, ಅಂಟು ಹಾಕದೆ ಇಡಿ. ಎರಡು ವಾರ ಜಾಗ ಬದಲಿಸಬೇಡಿ. ಪ್ರತಿ ಎರಡು ದಿನಕ್ಕೆ ಹಗಲೊಂದು, ರಾತ್ರಿಯೊಂದು ಫೋಟೋ ಒಂದೇ ಕೋನದಿಂದ ತೆಗೆಯಿರಿ. ಮೈ ಕಂದಾಗುತ್ತಿದ್ದರೆ ಬೆಳಕು ಸಾಲದು, ವಾರಕ್ಕೆ ಐದು ಸೆಂ.ಮೀ. ಮೇಲಕ್ಕೆ ತನ್ನಿ. ಬಣ್ಣ ಪೇಲವವಾಗುತ್ತಿದ್ದರೆ ಹೆಚ್ಚಾಗಿದೆ, ನೆರಳಿಗೆ ಸರಿಸಿ. ಬಣ್ಣ ಹಾಗೇ ಇದ್ದು ಮೈ ಮಾತ್ರ ಸಣ್ಣಗಾಗುತ್ತಿದ್ದರೆ ಹಸಿದಿದೆ, ದೀಪ ಆರಿದ ಮೇಲೆ ಉಣ್ಣಿಸಿ ನೋಡಿ.

ಹೆಸರು ಸಿಕ್ಕ ದಿನ ಒಂದು ಚೀಟಿಯಲ್ಲಿ ಕುಲದ ಹೆಸರು, ಅಂಗಡಿಯವರು ಹೇಳಿದ್ದ ಹೆಸರು, ಬಟ್ಟಲಿನ ಅಗಲ ಮಿ.ಮೀ.ನಲ್ಲಿ, ಇಟ್ಟ ಜಾಗದ ಪಾರ್, ಬುಡದ ಫೋಟೋ ಯಾವ ಫೋಲ್ಡರಿನಲ್ಲಿದೆ ಎಂಬುದನ್ನು ಬರೆದು ಪರವಾನಗಿಯ ಪ್ರತಿಯ ಜೊತೆ ಇಡಿ. ಯಾರಿಗಾದರೂ ತುಂಡು ಕೊಡುವ ಯೋಚನೆಯಿದ್ದರೆ ಅದಕ್ಕೆ ಅನುಮತಿಯಿದೆಯೇ ಎಂದು ಅರಣ್ಯ ಇಲಾಖೆಯಲ್ಲಿ ಮೊದಲೇ ಕೇಳಿ, ಕೊಡುವಾಗ ಚೀಟಿಯ ನಕಲನ್ನೂ ಕೊಡಿ.